ಅಪ್‌ಡೇಟ್: ಮಕ್ಕಳು, ಮಂಡಿನೋವಿನ ಅಮ್ಮ ಮತ್ತು ಬೆಂಗಳೂರಿನಲ್ಲಿ ಒಂದು ದಿನ

ಎರಡು ಮಕ್ಕಳು (5 ಮತ್ತು 9 ವರ್ಷ), ಮಂಡಿನೋವಿರುವ ಅಮ್ಮ, ಕಾರಿಲ್ಲ. ಬೆಂಗಳೂರಿನಲ್ಲಿ ಒಂದು ದಿನ ಎಲ್ಲಿಗೆ ಹೋಗೋದು ಅಂತ ಹೋದ ವಾರ ಕೇಳಿದ್ದೆ. ಹೋಗಿ ಬಂದೆವು!

ಬನ್ನೇರುಘಟ್ಟ ಆಗಲಿಲ್ಲ. ನಮಗೆ ರಜೆ ಇದ್ದದ್ದು ಮಂಗಳವಾರ, ಅಲ್ಲೂ ಮಂಗಳವಾರವೇ ರಜೆ. ಹೊರಡುವ ಮುಂಚೆ ನೋಡಿದ್ದು ಪುಣ್ಯ.

ಕೈ ಹಿಡಿದದ್ದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್. ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ಆಟೋ ಹಿಡಿದೆವು. ಚಿಕ್ಕವನು ಡೈನೋಸಾರ್ ಮುಂದಿನಿಂದ ಕದಲಲೇ ಇಲ್ಲ. ದೊಡ್ಡವಳಿಗೆ ರೈಟ್ ಸಹೋದರರ ವಿಮಾನದ ಮಾದರಿ ಹಿಡಿಸಿತು. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವಂಥವೇ ಜಾಸ್ತಿ. ಮೂರು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಅಮ್ಮ ಮಾತ್ರ ಅರ್ಧದಲ್ಲೇ ಸುಸ್ತಾಗಿ ಕೂತುಬಿಟ್ಟರು.

ಸಂಜೆ ಲಾಲ್‌ಬಾಗ್. ಗಾಜಿನಮನೆ 1889ರದ್ದು ಅಂತ ಗೊತ್ತಿತ್ತು. ಆದರೆ ಕೆಂಪೇಗೌಡ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷವಂತೆ! ಇಷ್ಟು ವರ್ಷ ಅದರ ಮೇಲೆ ಸುಮ್ನೆ ಕಡಲೆಕಾಯಿ ತಿಂದು ಬಂದಿದ್ದೆ. ಮಗಳು ‘ಡೈನೋಸಾರ್‌ಗಿಂತ ಹಳೇದಾ?’ ಅಂದಳು. ಹೂಂ, ಎಷ್ಟೋ ಹಳೇದು. ಅಮ್ಮ ಬಂಡೆ ಹತ್ತಲಿಲ್ಲ, ಕೆಳಗೆ ಮರದ ನೆರಳಲ್ಲಿ ಆರಾಮಾಗಿದ್ದರು.

ತಾರಾಲಯ ಇನ್ನೊಮ್ಮೆ. ಅದಕ್ಕೆ ಸೋಮವಾರ ರಜೆ, ನೆನಪಿರಲಿ.