ಅಪ್‌ಡೇಟ್: ಎರಡು ತಿಂಗಳ ಕೂಸಿನ ಒಣ ಚರ್ಮ, ಬೇಬಿ ವಾಶ್

ಎರೆದ ಮ್ಯಾಲೆ ಕೂಸಿನ ಗಲ್ಲ, ಮೊಣಕಾಲ ಹಿಂದ ಒಣಗಿ ಕೆಂಪಾಗ್ತಾವ ಅಂತ ಹೋದ ವಾರ ಕೇಳಿದ್ದೆನಲ್ರಿ, ಈಗ ಭಾಳ ಕಮ್ಮಿ ಆಗೇದ. ಲೇಬಲ್ ಓದ್ರಿ ಅಂದವರ ಮಾತು ಕೆಲಸಕ್ಕ ಬಂತು. ಹಳೆ ಬೇಬಿ ವಾಶ್ ಬಾಟಲಿ ಮ್ಯಾಲಿನ ಪಟ್ಟಿಯೊಳಗ ನೀರಾದ ಮ್ಯಾಲಿನ ಹೆಸರ ಸೋಡಿಯಂ ಲಾರಿಲ್ ಸಲ್ಫೇಟ್, ನೊರೆ ಬರಿಸೋ, ಚರ್ಮ ಒಣಗಿಸೋ ಪದಾರ್ಥ! ಡೆಸಿಲ್ ಗ್ಲುಕೋಸೈಡ್ (ಇದು ಮೆತ್ತಗ ತೊಳೆಯೋ ಪದಾರ್ಥ) ಇರೋ, ವಾಸನಿ ಹಾಕದ, ಚರ್ಮದ ಹುಳಿಗುಣಕ್ಕ ಹೊಂದೋ ಪಿಎಚ್ 5.5ರದ್ದು ತಂದ್ವಿ. ವಾರಕ್ಕ 3 ಸಲ, 5 ನಿಮಿಷ ಎರೀತೀವಿ, ಒತ್ತಿ ಒರೆಸಿದ ಕೂಡ್ಲೆ ಪೆಟ್ರೋಲಿಯಂ ಜೆಲ್ಲಿ ಹಚ್ತೀವಿ.

ಬೇಬಿ ವಾಶ್ ಬದಲಿ ಕಡ್ಲಿಹಿಟ್ಟು ಹಚ್ಚಿ ನೋಡಿದ್ವಿ, ಆಗಲಿಲ್ಲ, ತಿಕ್ಕಿದಲ್ಲೆ ಇನ್ನೂ ಕೆಂಪಾತು.

ಹೊಸದಾಗಿ ತಿಳಿದದ್ದು: ಇಲ್ಲಿ ಗದಗಿನ್ಯಾಗ ನಮ್ಮ ಬೋರಿನ ನೀರು ಗಡಸು. ಸಾದಾ ಸೋಪು ಅದರ ಕ್ಯಾಲ್ಸಿಯಂ ಜೋಡಿ ಕೂಡಿ, ಬಕೀಟಿನ ಅಂಚಿಗೆ ಹತ್ತೋ ಬಿಳಿ ಜಿಡ್ಡಾಗ್ತದ. ಅದು ಮೈಮ್ಯಾಲೂ ಉಳೀತದ. ‘ತೆಂಗಿನೆಣ್ಣಿಯಿಂದ ಮಾಡಿದ್ದು’ ಅಂತ ಬರೆದ್ರ ಅಷ್ಟಕ್ಕ ನಂಬಬ್ಯಾಡ್ರಿ, ಆ ಸಲ್ಫೇಟನ್ನೂ ತೆಂಗಿನೆಣ್ಣಿಯಿಂದ ಮಾಡ್ತಾರ.