ಬೆತ್ತದ ಹಿಂಡಲ್ಲಿ ಸಿಕ್ಕಿಬೀಳದ ಟ್ರ್ಯಾಕಿಂಗ್ ಆಂಟೆನಾ ಮಾಡೋದು ಹೆಂಗೆ?

ಪ್ರಶ್ನೆ (ಶಿರಸಿ): ಸರ್ ನಮಸ್ಕಾರ, ಪುನುಗುಬೆಕ್ಕಿನ ಸ್ಟಡಿ ಮಾಡೋ ಟೀಮಲ್ಲಿ ಫೀಲ್ಡ್ ಕೆಲಸ ನಂದು, ಪರ್ಮಿಷನ್ ಎಲ್ಲಾ ಆಗಿದೆ, ಬೆಕ್ಕಿನ ಕುತ್ತಿಗೆಗೆ ಹಾಕಿರೋ ರೇಡಿಯೋ ಕಾಲರ್ 151 ಮೆಗಾಹರ್ಟ್ಸಲ್ಲಿದೆ. ನಮ್ಮ ಅಲ್ಯೂಮಿನಿಯಂ ಯಾಗಿ (ಸಾಲಾಗಿ ಅಡ್ಡಕಡ್ಡಿ ಇರೋ, ದಿಕ್ಕು ತೋರಿಸೋ ಆಂಟೆನಾ) ಬೆತ್ತದ ಹಿಂಡಲ್ಲಿ ಸಿಕ್ಕಿ ಸಿಕ್ಕಿ ಒಂದು ಕಡ್ಡಿ ಮುರಿದೇ ಹೋಯ್ತು. ಅರ್ಧ ಸೈಜಿಂದು ಮನೇಲಿ ಮಾಡ್ಕೋಬಹುದಾ?

ಉತ್ತರ (ಕಾರವಾರ, ರೇಡಿಯೋ ರಿಪೇರಿ): ಅರ್ಧ ಆಗೂದಿಲ್ಲ ತಮ್ಮಾ. 300ನ್ನ 151ರಿಂದ ಭಾಗಿಸು, ಅಲೆಯ ಉದ್ದ ಹತ್ರಹತ್ರ 2 ಮೀಟರ್, ಕಡ್ಡಿ ಅದರರ್ಧ, ಸುಮಾರು ಒಂದು ಮೀಟರ್ ಬೇಕೇ ಬೇಕು. ಗಿಡ್ಡ ಮಾಡೋ ಬದ್ಲು ಬಗ್ಗೋ ಹಂಗೆ ಮಾಡು. ಒಂದಿಂಚು ಅಗಲದ ಸ್ಟೀಲ್ ಅಳತೆ ಟೇಪ್ ತಗೋ, ಅರ್ಧ ಮೀಟರಿಗಿಂತ ಸ್ವಲ್ಪ ಉದ್ದದ ಪಿವಿಸಿ ಪೈಪಿಗೆ ಹೋಸ್ ಕ್ಲಿಪ್ಪಲ್ಲಿ ಬಿಗಿ. ಹಿಂದಿನ ಕಡ್ಡಿ (ರಿಫ್ಲೆಕ್ಟರ್) 101 ಸೆಂ.ಮೀ., ಮುಂದಿನದ್ದು (ಡೈರೆಕ್ಟರ್) 86, ನಡುವಿನದ್ದು 43.5ರ ಎರಡು ತುಂಡು, ಅವುಗಳ ಮಧ್ಯ 2.5 ಗ್ಯಾಪ್. ನಡುವಿನದ್ರಿಂದ ಹಿಂದಕ್ಕೆ 20, ಮುಂದಕ್ಕೆ 30 ದೂರ. ಅಳೆಯೋಕೆ ಬೇರೆ ಟೇಪೂ ಬೇಡ, ನಂಬರ್ ಅದ್ರ ಮೇಲೇ ಇದೆ!

ರಿಸೀವರಿಗೆ ಹೋಗೋ ಕೇಬಲ್ಲಿನ ಒಳತಂತಿ ನಡುವಿನ ಕಡ್ಡಿಯ ಒಂದು ತುಂಡಿಗೆ, ಹೊರಗಿನ ಜಾಲರಿ ಇನ್ನೊಂದಕ್ಕೆ, ಜೊತೆಗೆ 12 ಸೆಂ.ಮೀ. ತಂತಿನ ಹೇರ್‌ಪಿನ್ ತರ ಬಗ್ಗಿಸಿ ಎರಡಕ್ಕೂ ಬೆಸೆ. ಮಲ್ಟಿಮೀಟರ್ ಶಾರ್ಟ್ ತೋರಿಸ್ತದೆ, ಹೆದರ್ಬೇಡ, ಅದು ಮ್ಯಾಚಿಂಗಿಗೆ, ಅಂದ್ರೆ ಆಂಟೆನಾ ಕೇಬಲ್ಲಿಗೆ ಹೊಂದೋಕೆ. ಬೆಸೆಯೋ ಮುಂಚೆ ಹಳದಿ ಪೇಂಟ್ ಪಾಲಿಶ್ ಪೇಪರಲ್ಲಿ ಉಜ್ಜಿ ಲೋಹ ಹೊಳೆಯೋ ತನ್ಕ ತೆಗಿ, ನಾನು ಮೊದಲ್ನೇದಕ್ಕೆ ಸೋಮಾರಿತನ ಮಾಡಿ ವಾರದೊಳಗೆ ಕಿತ್ಕೊಂಡು ಬಂತು. ಮೇಲೆ ಸಿಲಿಕಾನ್ ಹಚ್ಚು, ಇಲ್ಲಾಂದ್ರೆ ಮಳೆನೀರು ಕೇಬಲ್ ಒಳಗೇ ಹೋಗ್ತದೆ. ತುದಿ ಮೂಲೆಗಳನ್ನ ದುಂಡಗೆ ಕತ್ತರಿಸಿ ಇನ್ಸುಲೇಷನ್ ಟೇಪ್ ಸುತ್ತು, ಕಣ್ಣಿಗೆ ಹೊಡೆದ್ರೆ ಕಷ್ಟ.

ಪ್ರಶ್ನೆ: ಇನ್ನೊಂದು ಸರ್, ಹತ್ರ ಹೋದ್ಮೇಲೆ ಎಲ್ಲಾ ಕಡೆಯಿಂದ್ಲೂ ಬೀಪ್ ಒಂದೇ ಥರ ಬರುತ್ತೆ, ಆಂಟೆನಾ ತಪ್ಪಾ?

ಉತ್ತರ: ಅಲ್ಲ, ಸಿಗ್ನಲ್ ಜೋರಾಗಿ ರಿಸೀವರ್ ಕಿವುಡಾಗಿದೆ. ಅದರ ಗೇನ್ (ಸಿಗ್ನಲ್ ಹಿಗ್ಗಿಸೋ ಗುಂಡಿ) ಬೀಪ್ ಕೇಳಿಯೂ ಕೇಳದ ಹಾಗೆ ಇಳಿಸು, ಆಮೇಲೆ ಆಂಟೆನಾದ ಬೆನ್ನು ತಿರುಗಿಸಿ ನೋಡು. ಜೋರು ಬರೋ ದಿಕ್ಕು ಅಗಲ ಇರ್ತದೆ, ಸತ್ತುಹೋಗೋ ದಿಕ್ಕು ಕಿರಿದು, ಆಗ ಆಂಟೆನಾದ ಬೆನ್ನು ಇರೋ ಕಡೆಗೇ ಬೆಕ್ಕು. ಆದ್ರೂ ಕಣಿವೇಲಿ ಗುಡ್ಡಕ್ಕೆ ಬಡಿದು ತಿರುಗಿ ಬರೋ ಸಿಗ್ನಲ್ ಮೋಸ ಮಾಡ್ತದೆ, ಒಂದೇ ಜಾಗದ್ದು ನಂಬ್ಬೇಡ, ಏರು ಹತ್ತಿ ಮೂರು ಕಡೆಯಿಂದ ದಿಕ್ಕು ತಗೋ. ಕಡ್ಡಿ ಅಡ್ಡ ಹಿಡಿದೊಮ್ಮೆ, ನೆಟ್ಟಗೆ ಹಿಡಿದೊಮ್ಮೆ ಕೇಳು, ಬೆಕ್ಕು ಮಲಗಿದ್ರೆ ಕಾಲರಿನ ತಂತಿ ಹೆಂಗಿದ್ಯೋ ಯಾರಿಗ್ಗೊತ್ತು.

ಪ್ರಶ್ನೆ: ಟೇಪ್ ಮನೇಲೇ ಇದೆ ಸರ್, ನಮ್ಮ ಮೇಸ್ತ್ರಿ ಬಿಟ್ಟುಹೋಗಿದ್ದು.

ಉತ್ತರ: ಅದನ್ನ ಮುಟ್ಬೇಡ ಮಾರಾಯಾ, ಅವ್ರು ಸೋಮವಾರ ಕೇಳ್ಕೊಂಡು ಬರ್ತಾರೆ.