ಅಪ್‌ಡೇಟ್: ಇಂಟರಾಕ್ಷನ್ ಡಿಸೈನ್ ಪೇಪರ್ ಬರೆಯೋದರ ಬಗ್ಗೆ ಕೇಳಿದ್ದೆನಲ್ಲ

ಇಂಟರಾಕ್ಷನ್ ಡಿಸೈನ್ (ಅಂದರೆ ಜನ ಆ್ಯಪ್, ಸಾಧನಗಳನ್ನು ಬಳಸುವ ರೀತಿಯನ್ನು ರೂಪಿಸೋದು) ಮಾಡಲು ಬರುತ್ತದೆ, ಅದನ್ನು ಸಂಶೋಧನಾ ಪೇಪರ್ ಆಗಿ ಬರೆಯೋದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಜಾಸ್ತಿ ಕೆಲಸಕ್ಕೆ ಬಂದದ್ದು "ಮೊದಲು ನಿಮ್ಮ ಕೊಡುಗೆ ಏನು ಅಂತ ಒಂದೇ ಸಾಲಲ್ಲಿ ಬರೆಯಿರಿ" ಅನ್ನೋ ಸಲಹೆ. ಈ ಕ್ಷೇತ್ರದ ಸಂಶೋಧಕರಾದ ವೊಬ್‌ಬ್ರಾಕ್ ಮತ್ತು ಕಿಯೆಂಟ್ಜ್ 2016ರಲ್ಲಿ ಇಂಥ ಕೊಡುಗೆಗಳನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ. ಹೊಸ ಸಾಧನ ಕಟ್ಟೋದು ಒಂದು, ಜನ ಹೇಗೆ ಬಳಸುತ್ತಾರೆ ಅಂತ ಗಮನಿಸಿ ತಿಳಿಯೋದು ಇನ್ನೊಂದು. ನನ್ನದು ಎರಡನೆಯದು ಅಂತ ಗೊತ್ತಾದ ಮೇಲೆ ಸ್ಕ್ರೀನ್‌ಗಳ ವರ್ಣನೆಯೆಲ್ಲ ತೆಗೆದುಹಾಕಿದೆ. ಹಾಯೆನಿಸಿತು!

ಇದೇ ಕ್ಷೇತ್ರದ ಜಿಮ್ಮರ್‌ಮನ್, ಫೋರ್ಲಿಜಿ, ಎವೆನ್ಸನ್ ಅವರ 2007ರ ಪೇಪರನ್ನೂ ಓದಿದೆ. ಡಿಸೈನ್ ಮಾಡುವುದೇ ಸಂಶೋಧನೆ ಆಗಬಹುದು ಅನ್ನುತ್ತಾರೆ, ಆದರೆ ಸುಮ್ನೆ ಅಲ್ಲ: ಪ್ರತಿ ಹೆಜ್ಜೆಯನ್ನೂ ಯಾಕೆ ಇಟ್ಟೆವು ಅಂತ ದಾಖಲಿಸಬೇಕು, ಹೊಸತನ ಇರಬೇಕು, ಅದು ಯಾಕೆ ಬೇಕು ಅಂತ ಹೇಳಬೇಕು, ಬೇರೆಯವರು ಅದನ್ನು ಮುಂದುವರಿಸುವಂತೆಯೂ ಇರಬೇಕು. ಹಾಗಾಗಿ ಈಗ ಸ್ಕೆಚ್‌ಗೆಲ್ಲ ತಾರೀಖು, ಕೈಬಿಟ್ಟದ್ದಕ್ಕೂ ಕಾರಣ ಬರೆದಿಡುತ್ತೇನೆ. ಬೇಜಾರಿನ ಕೆಲಸವೇ, ಆದರೆ ವಿಧಾನದ ಭಾಗ ಬರೆಯುವಾಗ ಇದೇ ಕೈಹಿಡಿಯಿತು.

ಹಿಂದಿನ ಸಂಶೋಧನೆಗಳ ಭಾಗವನ್ನು ಲೇಖಕರ ಸರದಿಯಲ್ಲಿ ಅಲ್ಲ, ವಾದಗಳ ಪ್ರಕಾರ ಜೋಡಿಸಿದೆ. ಚರ್ಚೆಯ ಭಾಗ ಮಾತ್ರ ಇನ್ನೂ ಫಲಿತಾಂಶವನ್ನೇ ತಿರುಗಿ ಹೇಳಿದಂತಿದೆ. ಅದಕ್ಕೆ ಯಾರಾದರೂ ದಾರಿ ಹೇಳ್ತೀರಾ?